ಫೆಲಿಕ್ಸ್ ಯೂಜೆನ್ ಫ್ರಿಟ್ಶ್

ಫೆಲಿಕ್ಸ್ ಯೂಜೆನ್ ಫ್ರಿಟ್ಶ್ (ಏಪ್ರಿಲ್ 26, 1879 – ಮೇ 23, 1954) ಇಂಗ್ಲೆಂಡಿನ ಪ್ರಸಿದ್ಧ ಸಸ್ಯವಿಜ್ಞಾನಿ. ಶೈವಲಗಳನ್ನು (ಪಾಚಿಗಳನ್ನು) ಕುರಿತ ಇವರ ಬೃಹತ್ ಗ್ರಂಥ ಆ ವಿಷಯಕ್ಕೆ ಆಧಾರಗ್ರಂಥವೆನಿಸಿದೆ. ಭತ್ತದ ಗದ್ದೆಯ ಫಲವತ್ತತೆಯನ್ನು ನೀಲಿ-ಹಸಿರು ಶೈವಲಗಳು ಕಾಯುತ್ತವೆ ಎಂಬುದನ್ನು ತೋರಿಸಿದ ಸಂಶೋಧನೆಯಲ್ಲಿಯೂ ಇವರು ಪಾಲುಗೊಂಡಿದ್ದರು.

ಜೀವನ ಮತ್ತು ವೃತ್ತಿ

ಫ್ರಿಟ್ಶ್ ಲಂಡನ್ನಿನಲ್ಲಿ ಜನಿಸಿದರು. ಲಂಡನ್ ವಿಶ್ವವಿದ್ಯಾಲಯದ ಪದವಿಯ ಅನಂತರ ಜರ್ಮನಿಯ ಮ್ಯೂನಿಕ್‌ನಲ್ಲಿ 1899ರಲ್ಲಿ ಡಾಕ್ಟರೇಟ್ ಪಡೆದರು. 1911ರಿಂದ 1948ರವರೆಗೆ ಲಂಡನ್ನಿನ ಈಸ್ಟ್ ಲಂಡನ್ ಕಾಲೇಜಿನಲ್ಲಿ (ಮುಂದೆ ಕ್ವೀನ್ ಮೇರಿ ಕಾಲೇಜು) ಸಸ್ಯಶಾಸ್ತ್ರ ವಿಭಾಗದ ಮುಖ್ಯಸ್ಥರಾಗಿದ್ದರು. ಭಾರತೀಯ ಶೈವಲಶಾಸ್ತ್ರದ ಪಿತಾಮಹರೆನಿಸಿದ ಎಂ. ಒ. ಪಿ. ಅಯ್ಯಂಗಾರ್ಯರು ಇವರ ಬಳಿ ಸಂಶೋಧನೆ ನಡೆಸಿದವರು.

ಸಿಂಹಳದ ಶೈವಲಗಳ ಅಧ್ಯಯನವು ಫ್ರಿಟ್ಶ್‌ರ ಆರಂಭದ ಕೆಲಸಗಳಲ್ಲೊಂದು. ಬರಿದಾದ ನೆಲದಲ್ಲಿ ಮೊದಲು ನೆಲೆಯೂರಿ, ಇತರ ಸಸ್ಯಗಳಿಗೆ ದಾರಿ ಮಾಡಿಕೊಡುವಲ್ಲಿ ಶೈವಲಗಳ ಪಾತ್ರವನ್ನು 1907ರ ಲೇಖನವೊಂದರಲ್ಲಿ ಅವರು ವಿವರಿಸಿದರು.

ಭತ್ತದ ಗದ್ದೆ ಮತ್ತು ಶೈವಲ

ಗೊಬ್ಬರ ಹಾಕದಿದ್ದರೂ ಬಂಗಾಳದ ಗದ್ದೆಗಳು ವರ್ಷವರ್ಷವೂ ಸಾಧಾರಣ ಫಸಲನ್ನು ಕೊಡುತ್ತಲೇ ಇದ್ದವು. ಪೈರು ಹೀರಿದ ಸಾರಜನಕ ಮಣ್ಣಿಗೆ ಮರಳುವುದು ಹೇಗೆ ಎಂಬುದು ಕೃಷಿವಿಜ್ಞಾನಿಗಳಿಗೆ ಒಗಟಾಗಿತ್ತು. ಈ ಪ್ರಶ್ನೆಯನ್ನು ಕೈಗೆತ್ತಿಕೊಂಡವರು ಪಿ. ಕೆ. ದೇ. ನೀಲಿ-ಹಸಿರು ಶೈವಲಗಳು ಗಾಳಿಯ ಸಾರಜನಕವನ್ನು ಸ್ಥಿರೀಕರಿಸುತ್ತವೆ ಎಂಬ ಊಹೆ ಮೊದಲೇ ಇತ್ತು. ಆದರೆ ಅವುಗಳ ಲೋಳೆಗೆ ಅಂಟಿಕೊಂಡ ಬ್ಯಾಕ್ಟೀರಿಯಗಳೇ ಆ ಕೆಲಸ ಮಾಡುತ್ತಿರಬಹುದೆಂಬ ಸಂಶಯ ಉಳಿದಿತ್ತು. ಬ್ಯಾಕ್ಟೀರಿಯಗಳನ್ನು ಸಂಪೂರ್ಣವಾಗಿ ಬೇರ್ಪಡಿಸಿ ಶೈವಲವನ್ನಷ್ಟೇ ಬೆಳೆಸಿದಲ್ಲದೆ ಸಂಶಯ ನಿವಾರಣೆಯಾಗುವಂತಿರಲಿಲ್ಲ. ಅಂತಹ ಶುದ್ಧ ಕೃಷಿಗಳಲ್ಲಿಯೂ ಅನಬೀನಾ ಕುಲದ ಶೈವಲಗಳು ಸಾರಜನಕವನ್ನು ಸ್ಥಿರೀಕರಿಸಿದವು. ಈ ಕುರಿತು ಫ್ರಿಟ್ಶ್ ಮತ್ತು ದೇ 1938ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಜಂಟಿಯಾಗಿ ಬರೆದರು. ದೇ ಅವರ ವಿಸ್ತೃತ ಪ್ರಬಂಧ 1939ರಲ್ಲಿ ರಾಯಲ್ ಸೊಸೈಟಿಯ ನಡಾವಳಿಯಲ್ಲಿ ಪ್ರಕಟವಾಯಿತು.

ಕೃತಿಗಳು ಮತ್ತು ಗೌರವಗಳು

ಶೈವಲಗಳ ರಚನೆ ಮತ್ತು ಸಂತಾನೋತ್ಪತ್ತಿಯನ್ನು ಕುರಿತ ಇವರ ಗ್ರಂಥದ ಮೊದಲ ಸಂಪುಟ 1935ರಲ್ಲಿಯೂ ಎರಡನೆಯದು 1945ರಲ್ಲಿಯೂ ಹೊರಬಂದವು. ಇದರಲ್ಲಿ ಶೈವಲಗಳನ್ನು 11 ವರ್ಗಗಳಾಗಿ ವಿಂಗಡಿಸಲಾಗಿದೆ. ಸಸ್ಯಶಾಸ್ತ್ರದ ಪದವಿ ತರಗತಿಗಳಲ್ಲಿ ಈ ವರ್ಗೀಕರಣವನ್ನು ಇಂದಿಗೂ ಪಾಠ ಮಾಡಲಾಗುತ್ತದೆ. ಫ್ರಿಟ್ಶ್ 1932ರಲ್ಲಿ ರಾಯಲ್ ಸೊಸೈಟಿಯ ಸದಸ್ಯರಾಗಿ ಆಯ್ಕೆಯಾದರು. 1950ರಲ್ಲಿ ಡಾರ್ವಿನ್ ಪದಕ ಪಡೆದರು. ಲಿನಿಯನ್ ಸೊಸೈಟಿಯ ಅಧ್ಯಕ್ಷರೂ ಆಗಿದ್ದರು.

ನೀಲಿ-ಹಸಿರು ಶೈವಲಗಳ ಎಳೆಗಳ ನಡುವೆ ಕಾಣುವ ದಪ್ಪ ಗೋಡೆಯ, ಬಣ್ಣಗೆಟ್ಟ ಕೋಶಗಳಿಗೆ ಹೆಟೆರೊಸಿಸ್ಟ್ ಎಂದು ಹೆಸರು. ಅವುಗಳ ಕಾರ್ಯವೇನೆಂಬುದು ಸಸ್ಯಶಾಸ್ತ್ರದ ಬಿಡಿಸದ ಒಗಟೆಂದು ಫ್ರಿಟ್ಶ್ 1951ರಲ್ಲಿ ಪ್ರತಿಪಾದಿಸಿದರು. ಸಾರಜನಕ ಸ್ಥಿರೀಕರಣ ನಡೆಯುವುದು ಆ ಕೋಶಗಳಲ್ಲಿಯೇ ಎಂಬುದು 1960ರ ದಶಕದ ಕೊನೆಯಲ್ಲಿ ಸ್ಪಷ್ಟವಾಯಿತು. ತಾವೇ ಪಾಲುಗೊಂಡ ಸಂಶೋಧನೆಯ ಉತ್ತರ ಆ ಒಗಟಿನೊಳಗೇ ಅಡಗಿತ್ತೆಂಬುದನ್ನು ಅರಿಯಲು ಫ್ರಿಟ್ಶ್ ಬದುಕಿರಲಿಲ್ಲ.

ಪ್ರಭಾವ

ಇವರ ಜೀವಿತಕಾಲದಲ್ಲಿಯೇ, 1950ರಲ್ಲಿ, ಬನಾರಸ್ಸಿನ ಆರ್. ಎನ್. ಸಿಂಗ್ ಅವರು ಉತ್ತರ ಭಾರತದ ‘ಊಸರ್’ ಎಂಬ ಕ್ಷಾರಭೂಮಿಯನ್ನು ನೀಲಿ-ಹಸಿರು ಶೈವಲಗಳಿಂದ ಸುಧಾರಿಸಬಹುದೆಂದು ತಿಳಿಸಿದರು. ಮುಂದೆ ಶೈವಲವು ಜೈವಿಕ ಗೊಬ್ಬರವಾಗಿ ರೈತರನ್ನು ತಲುಪಿತು. ನಾಟಿಯಾದ ಸುಮಾರು ಒಂದು ವಾರದ ಮೇಲೆ, ನೀರು ನಿಂತ ಗದ್ದೆಗೆ ಹೆಕ್ಟೇರಿಗೆ 10 ಕಿಲೋಗ್ರಾಂನಂತೆ ಒಣಗಿಸಿದ ಶೈವಲವನ್ನು ಎರಚುವುದು ರೂಢಿ. ಅನುಕೂಲ ಸ್ಥಿತಿಯಲ್ಲಿ ಇದರಿಂದ ಹೆಕ್ಟೇರಿಗೆ ಸುಮಾರು 20–30 ಕಿಲೋಗ್ರಾಂ ಸಾರಜನಕ ದೊರೆಯುವುದೆಂದು ಅಂದಾಜು. ಗದ್ದೆಯಲ್ಲಿ ನೀರು ನಿಲ್ಲದಿದ್ದರೆ, ಮಣ್ಣಿನಲ್ಲಿ ರಂಜಕ ಸಾಲದಿದ್ದರೆ ಶೈವಲ ಚೆನ್ನಾಗಿ ಬೆಳೆಯುವುದಿಲ್ಲ. ಯೂರಿಯಾ ಕೊಳ್ಳಲು ಕಷ್ಟಪಡುವ ಸಣ್ಣ ಹಿಡುವಳಿದಾರರಿಗೆ ಇದು ಕಡಿಮೆ ಖರ್ಚಿನ ಪೂರಕ ಗೊಬ್ಬರವಾಗಿದೆ.