ಬೇರು ಕೊಟ್ಟ ಮನ್ಸನ್

ನಿಮ್ಮ ಹಾಸ್ಟೆಲ್‌ನಲ್ಲಿ ವಿಜಯಪುರದ ಕಡೆಯ ದ್ರಾಕ್ಷಿ ಬೆಳೆಗಾರರ ಮಕ್ಕಳು ಇದ್ದರೆ, ತೋಟದ ಗಿಡಕ್ಕೆ ಬೇರು ಯಾವುದು ಅಂತ ಕೇಳಿ ನೋಡಿ. ‘ಡಾಗ್‌ರಿಡ್ಜ್’ ಅನ್ನೋ ಉತ್ತರ ಬರುವ ಸಾಧ್ಯತೆ ಹೆಚ್ಚು. ಮೇಲೆ ಕಸಿ ಮಾಡಿದ ಥಾಮ್ಸನ್ ಸೀಡ್‌ಲೆಸ್, ಕೆಳಗೆ ಬರ ಮತ್ತು ಉಪ್ಪುನೀರು ತಡೆಯೋ ಟೆಕ್ಸಾಸಿನ ಕಾಡುಬಳ್ಳಿ. ಅದನ್ನು ಕಾಡಿನಿಂದ ಆರಿಸಿ ತಂದವನು ಟಿ. ವಿ. ಮನ್ಸನ್.

ಹುಟ್ಟಿದ್ದು 1843ರಲ್ಲಿ, ಅಮೆರಿಕದ ಇಲಿನಾಯ್‌ನಲ್ಲಿ. ಕೆಂಟಕಿಯಲ್ಲಿ ಓದುವಾಗಲೇ ದ್ರಾಕ್ಷಿ ಹುಚ್ಚು ಹಿಡಿಯಿತು. 1870ರಲ್ಲಿ ಪದವಿ ಮುಗಿಸಿ, ಆಮೇಲೆ ನೆಬ್ರಾಸ್ಕಕ್ಕೆ ಹೋಗಿ ಹೊಸ ತಳಿ ಬೆಳೆಸಲು ಹೊರಟ. ಚಳಿ, ಬರ, ಮಿಡತೆ ಎಲ್ಲಾ ಸೇರಿ ತೋಟ ಹಾಳಾಯ್ತು. 1876ರಲ್ಲಿ ತಮ್ಮನಿದ್ದ ಟೆಕ್ಸಾಸಿನ ಡೆನಿಸನ್ ಊರಿಗೆ ಬಂದ. ಅಲ್ಲಿ ರೆಡ್ ನದಿಯ ದಂಡೆ ತುಂಬಾ ಕಾಡುದ್ರಾಕ್ಷಿ! ಕುದುರೆ ಮೇಲೆ, ರೈಲಿನಲ್ಲಿ ಊರೂರು ಅಲೆದು, ಯಾರೂ ತಿರುಗಿ ನೋಡದ ಬಳ್ಳಿಗಳನ್ನು ಹುಡುಕಿದ.

ಅದೇ ಹೊತ್ತಿಗೆ ಫ್ರಾನ್ಸಿನ ವೈನ್ ತೋಟಗಳು ಸಾಯುತ್ತಿದ್ದವು. ಅಮೆರಿಕದಿಂದಲೇ ಹೋಗಿದ್ದ ಫಿಲಾಕ್ಸೆರಾ ಎಂಬ ಸಣ್ಣ ಹೇನು ಬೇರಿಗೆ ಬಿದ್ದಿತ್ತು. ಅಮೆರಿಕದ ಬಳ್ಳಿಗೆ ಆ ಹೇನನ್ನು ತಾಳುವ ಶಕ್ತಿ ಇತ್ತು. ಹಾಗಾಗಿ ಅದರ ಬೇರಿಗೆ ಫ್ರೆಂಚ್ ಬಳ್ಳಿಯನ್ನು ಕಸಿ ಕಟ್ಟುವ ಉಪಾಯ ಆಗಲೇ ಗೊತ್ತಿತ್ತು. ಆದರೆ ಕಾನ್ಯಾಕ್ ಕಡೆ ಸುಣ್ಣದ ಮಣ್ಣು. ಅಲ್ಲಿ ಈ ಬೇರುಗಳು ಕಬ್ಬಿಣಾಂಶ ಹೀರಲಾಗದೆ ಎಲೆ ಹಳದಿಯಾಗಿ ಗಿಡ ಸೊರಗುತ್ತಿತ್ತು. ಒಂದು ಬಗ್ ಸರಿಮಾಡಿದ್ರೆ ಇನ್ನೊಂದು ಏಳುತ್ತಲ್ಲ, ಅದೇ ಕಥೆ.

1887ರಲ್ಲಿ ಪಿಯೆರ್ ವಿಯಾಲಾ ಎಂಬ ಫ್ರೆಂಚ್ ವಿಜ್ಞಾನಿ ಸುಣ್ಣ ತಾಳುವ ಬೇರು ಹುಡುಕುತ್ತಾ ಅಮೆರಿಕಕ್ಕೆ ಬಂದ. ಮಧ್ಯ ಟೆಕ್ಸಾಸಿನ ಸುಣ್ಣಕಲ್ಲಿನ ಗುಡ್ಡಗಳಲ್ಲಿ ಬೆಳೆಯುವ ಬರ್ಲಾಂಡಿಯೇರಿ ಜಾತಿಯ ಕಡೆ ಮನ್ಸನ್ ಕೈ ತೋರಿಸಿದ. ಅದರ ಕಡ್ಡಿ ನೆಟ್ಟರೆ ಸುಲಭಕ್ಕೆ ಬೇರು ಬಿಡಲ್ಲ. ಆದ್ದರಿಂದ ಬೇರೆ ಜಾತಿಗಳ ಜೊತೆ ಸಂಕರ ಮಾಡಿದರು. ಇವತ್ತಿಗೂ ಯುರೋಪಿನ ಎಷ್ಟೋ ವೈನ್ ತೋಟಗಳ ಕೆಳಗೆ ಬರ್ಲಾಂಡಿಯೇರಿಯ ರಕ್ತ ಇದೆ. ಫ್ರೆಂಚ್ ಸರ್ಕಾರ 1888ರಲ್ಲಿ ಮನ್ಸನ್‌ಗೆ ಷೆವಾಲಿಯೆ ಗೌರವ ಕೊಟ್ಟಿತು. ಫ್ರಾನ್ಸಿನ ವೈನನ್ನು ಇವನೊಬ್ಬನೇ ಉಳಿಸಿದ ಅನ್ನೋದು ಮಾತ್ರ ಉತ್ಪ್ರೇಕ್ಷೆ. ಪ್ಲಾಂಶೋನ್, ರೈಲಿ, ಯೇಗರ್ ಮುಂತಾದವರ ದುಡಿಮೆಯೂ ಅದರ ಹಿಂದೆ ಇದೆ.

ಆದರೆ ಮನ್ಸನ್‌ನ ಸ್ವಂತ ಕನಸು ಬೇರು ಆಗಿರಲಿಲ್ಲ, ಹಣ್ಣು ಆಗಿತ್ತು. ಕಾಡುಬಳ್ಳಿಗಳನ್ನು ಕೂಡಿಸಿ 300ಕ್ಕೂ ಹೆಚ್ಚು ತಳಿ ಸೃಷ್ಟಿಸಿದ. ಬ್ರಿಲಿಯಂಟ್, ಕಾರ್ಮನ್, ಎಲೆನ್ ಸ್ಕಾಟ್... ತನ್ನ ಮಗಳ ಹೆಸರಲ್ಲೂ ಒಂದು, ನೇವಾ ಮನ್ಸನ್. ಕಲಿತದ್ದನ್ನೆಲ್ಲ 1909ರಲ್ಲಿ ದೊಡ್ಡ ಪುಸ್ತಕವಾಗಿ ಬರೆದ. 1913ರಲ್ಲಿ ತೀರಿಕೊಂಡ. 1920ರಲ್ಲಿ ಅಮೆರಿಕದಾದ್ಯಂತ ಪಾನನಿಷೇಧ ಬಂತು. ಅವನ ತಳಿಗಳು ಒಂದೊಂದಾಗಿ ಕಣ್ಮರೆಯಾದವು.

1970ರ ದಶಕದಲ್ಲಿ ಡೆನಿಸನ್‌ನ ಗ್ರೇಸನ್ ಕಾಲೇಜಿನವರು ಉಳಿದ ಬಳ್ಳಿಗಳನ್ನು ಹುಡುಕಿ ತಂದು ಮತ್ತೆ ನೆಡಲು ಶುರು ಮಾಡಿದರು. ಇತ್ತೀಚೆಗೆ ಅಮೆರಿಕದ ಕೆಲವು ಸಣ್ಣ ವೈನರಿಗಳು ಆ ಅಪರೂಪದ ಹಣ್ಣಿನಿಂದಲೇ ವೈನ್ ಮಾಡುತ್ತಿವೆ. ಬಾಟಲಿಯ ಲೇಬಲ್ಲಿನ ಮೇಲೆ ಅವನ ತಳಿಯ ಹೆಸರು ಈಗ ಕಾಣಿಸುತ್ತಿದೆ.