ನಾಲ್ಕು ಚಕ್ರಗಳಿಗೂ ದುಡಿಮೆ: ಆರ್ಥರ್ ಹೆರಿಂಗ್ಟನ್

ಕೆಸರಿನಲ್ಲಿ ಹೂತ ಮೋಟಾರು ಬಂಡಿಯನ್ನು ನೋಡದವರು ವಿರಳ. ಎಂಜಿನು ಆರ್ಭಟಿಸುತ್ತದೆ, ಹಿಂದಿನ ಚಕ್ರಗಳು ನಿಂತಲ್ಲೇ ತಿರುಗಿ ತಮ್ಮ ಗುಂಡಿಯನ್ನು ತಾವೇ ತೋಡಿಕೊಳ್ಳುತ್ತವೆ. ಮುಂದಿನ ಚಕ್ರಗಳೆರಡು ಮಾತ್ರ ಈ ಕಷ್ಟಕ್ಕೂ ತಮಗೂ ಸಂಬಂಧವಿಲ್ಲವೆಂಬಂತೆ ಸುಮ್ಮನಿರುತ್ತವೆ. ಭಾರ ಹೊರುವುದರಲ್ಲಿ ಪಾಲುಗೊಂಡ ಅವು ಎಳೆಯುವುದರಲ್ಲಿಯೂ ಏಕೆ ಪಾಲುಗೊಳ್ಳಬಾರದು? ಈ ಪ್ರಶ್ನೆಗೆ ಉತ್ತರ ಹುಡುಕುವುದರಲ್ಲಿ ಬಾಳನ್ನು ಸವೆಸಿದವರಲ್ಲಿ ಆರ್ಥರ್ ಹೆರಿಂಗ್ಟನ್ ಪ್ರಮುಖನು.

ಅವನು ಹುಟ್ಟಿದ್ದು 1891ರಲ್ಲಿ, ಇಂಗ್ಲೆಂಡಿನಲ್ಲಿ. ಎಳೆತನದಲ್ಲಿಯೇ ಅಮೆರಿಕ ಸೇರಿದನು. ತಾರುಣ್ಯದಲ್ಲಿ ಹಾರ್ಲಿ-ಡೇವಿಡ್‌ಸನ್ ಮೋಟಾರ್ ಸೈಕಲ್ ಕಂಪನಿಯಲ್ಲಿ ದುಡಿದು, ಮೊದಲ ಮಹಾಯುದ್ಧದಲ್ಲಿ ಸೇನೆಯ ಮೋಟಾರು ಸಾಗಾಟದ ಕೆಲಸಕ್ಕೆ ಸೇರಿದನು. ಯುದ್ಧ ಮುಗಿದ ಮೇಲೆಯೂ ಮೇರಿಲೆಂಡಿನ ಹೋಲಬರ್ಡ್ ಶಿಬಿರದಲ್ಲಿ ಸೇನೆಯ ಟ್ರಕ್ಕುಗಳ ಸುಧಾರಣೆಯೇ ಅವನ ಉದ್ಯೋಗವಾಯಿತು.

ಎಲ್ಲ ಚಕ್ರಗಳನ್ನೂ ಎಂಜಿನ್ನಿನಿಂದ ನಡೆಸುವ ಕಲ್ಪನೆ ಅವನದಲ್ಲ. ವಿಸ್ಕಾನ್ಸಿನ್ನಿನ ಜ಼ಾಕೋ, ಬೆಸರ್‌ಡಿಕ್ ಎಂಬ ಕುಶಲಿಗಳು ಅವನಿಗಿಂತ ಮೊದಲೇ ಅದನ್ನು ಸಾಧಿಸಿದ್ದರು. ಆದರೆ ಅಂಥ ವಾಹನಗಳು ದುಬಾರಿ. ಕೆಟ್ಟರೆ ಬಿಡಿಭಾಗ ಸಿಗುವುದೂ ಕಷ್ಟ. 1931ರಲ್ಲಿ ಹೆರಿಂಗ್ಟನ್ ಇಂಡಿಯಾನಾಪೊಲಿಸ್ ನಗರದ ವಾಲ್ಟರ್ ಮಾರ್ಮನ್ನನೊಡನೆ ಸೇರಿ ಮಾರ್ಮನ್-ಹೆರಿಂಗ್ಟನ್ ಕಂಪನಿಯನ್ನು ಸ್ಥಾಪಿಸಿದನು. ಅದು ಆರ್ಥಿಕ ಮುಗ್ಗಟ್ಟಿನ ಕಾಲ. 1911ರ ಮೊತ್ತಮೊದಲ ಇಂಡಿಯಾನಾಪೊಲಿಸ್ 500 ಪಂದ್ಯವನ್ನು ಗೆದ್ದಿದ್ದ ಮಾರ್ಮನ್ ಕಾರುಗಳ ತಯಾರಿಕೆಯೇ 1933ರಲ್ಲಿ ನಿಂತುಹೋಯಿತು. ಹೊಸ ಕಂಪನಿಯ ಭಾರಿ ಟ್ರಕ್ಕುಗಳು ಗಟ್ಟಿಮುಟ್ಟಾಗಿದ್ದುವು, ನಿಜ. ಕೊಳ್ಳುವವರು ಎಷ್ಟು ಮಂದಿ?

ಇಲ್ಲಿಯೇ ಹೆರಿಂಗ್ಟನ್ನನ ಬುದ್ಧಿವಂತಿಕೆ ಬೆಳಗಿತು. ಹೊಸ ವಾಹನವನ್ನೇ ಕಟ್ಟುವ ಬದಲು, ಅಗ್ಗವಾಗಿ ದೊರೆಯುವ ಫೋರ್ಡ್ ಟ್ರಕ್ಕನ್ನೇ ಕೊಂಡು ನಾಲ್ಕು ಚಕ್ರಗಳ ಚಾಲನೆಗೆ ಒಗ್ಗಿಸಿದರಾಗದೆ? 1935ರಲ್ಲಿ ಈ ಕಾರ್ಯ ಆರಂಭವಾಯಿತು.

ಹೇಳುವುದಕ್ಕೆ ಇದು ಸುಲಭ. ಗೇರುಪೆಟ್ಟಿಗೆಯ ಹಿಂದೆ ಟ್ರಾನ್ಸ್‌ಫರ್ ಕೇಸ್ ಎಂಬ ಇನ್ನೊಂದು ಪೆಟ್ಟಿಗೆಯನ್ನು ಕೂಡಿಸಬೇಕು. ಅದು ಎಂಜಿನ್ನಿನ ಬಲವನ್ನು ಹಿಂದಕ್ಕೂ ಮುಂದಕ್ಕೂ ಹಂಚುತ್ತದೆ. ಅಲ್ಲಿಂದ ಮುಂದಿನ ಅಚ್ಚಿಗೆ ತಿರುಗುವ ದಂಡವೊಂದು ಹೋಗಬೇಕು. ತೊಡಕಿರುವುದು ಮುಂದಿನ ಅಚ್ಚಿನಲ್ಲಿ. ಆ ಚಕ್ರಗಳು ಉರುಳುವುದಷ್ಟೇ ಅಲ್ಲ, ಚುಕ್ಕಾಣಿ ತಿರುಗಿದತ್ತ ಹೊರಳಲೂಬೇಕು. ಸಾಧಾರಣ ಕೀಲಿನಲ್ಲಿ ದಂಡ ಬಾಗಿದಷ್ಟೂ ಚಕ್ರದ ವೇಗ ಒಂದೇ ಸುತ್ತಿನಲ್ಲಿ ಏರಿಳಿಯುತ್ತದೆ. ಬಾಗಿದರೂ ಸಮವೇಗ ಕೊಡುವ ಕೀಲೇ ಬೇಕು. ಇನ್ನೊಂದು ನಿಯಮವುಂಟು. ಮುಂದಿನ, ಹಿಂದಿನ ಅಚ್ಚುಗಳ ಹಲ್ಲುಚಕ್ರಗಳ ಪ್ರಮಾಣ ಒಂದೇ ಇರಬೇಕು. ಇಲ್ಲವಾದರೆ ಒಂದು ಜೊತೆ ಇನ್ನೊಂದರೊಡನೆ ಜಗ್ಗಾಡಿ ಯಂತ್ರವನ್ನೇ ಮುರಿದೀತು. ಹೀಗೆ ಟ್ರಕ್ಕುಗಳೂ, ಮುಂದೆ ಮರದ ಮೈಯ ಫೋರ್ಡ್ ಸ್ಟೇಷನ್ ವ್ಯಾಗನ್ನುಗಳೂ ಹೊಸ ಶಕ್ತಿ ಪಡೆದುವು. ಇಂದಿನ ಎಸ್‌ಯುವಿಗಳ ಪೂರ್ವಜರನ್ನು ಇವುಗಳಲ್ಲಿ ಕಾಣಬಹುದು.

ಎರಡನೆಯ ಮಹಾಯುದ್ಧ ಈ ಕೆಲಸವನ್ನು ಒರೆಗೆ ಹಚ್ಚಿತು. ದಕ್ಷಿಣ ಆಫ್ರಿಕದಲ್ಲಿ ಸಿದ್ಧವಾದ ಮೊದಲ ಮಾದರಿಯ ಕವಚದ ಕಾರುಗಳಿಗೆ ಎರಡೇ ಚಕ್ರಗಳ ಚಾಲನೆಯಿತ್ತು. ಎರಡನೆಯ ಮಾದರಿಗೆ ಹೆರಿಂಗ್ಟನ್ನನ ಕಂಪನಿಯ ಸಲಕರಣೆಗಳನ್ನು ಜೋಡಿಸಿದರು. ಕೆನಡಾದ ಫೋರ್ಡ್ ಚೌಕಟ್ಟು, ಇಂಡಿಯಾನಾಪೊಲಿಸ್ಸಿನ ಅಚ್ಚು, ಆಫ್ರಿಕದ ಉಕ್ಕು ಒಂದಾಗಿ ಮರುಭೂಮಿಯಲ್ಲಿ ನಡೆದುವು. ಇಂಥ 5,000ಕ್ಕೂ ಹೆಚ್ಚು ವಾಹನಗಳು ತಯಾರಾದುವು. ಅದೇ ಕಂಪನಿ ವಿಮಾನದಲ್ಲಿ ಒಯ್ಯಲೆಂದು ಕಟ್ಟಿದ 830 ಪುಟ್ಟ ಟ್ಯಾಂಕುಗಳಾದರೋ ಯುದ್ಧದಲ್ಲಿ ಹೆಚ್ಚು ಪ್ರಯೋಜನಕ್ಕೆ ಬರಲಿಲ್ಲ. ಹೊಸದಾಗಿ ಕಟ್ಟಿದ್ದಕ್ಕಿಂತ ಇದ್ದುದನ್ನು ತಿದ್ದಿದ್ದೇ ಅವನಿಗೆ ಕೀರ್ತಿ ತಂದಿತು.

ನಮ್ಮ ದೇಶಕ್ಕೂ ಅವನು ಬಂದಿದ್ದನು. 1942ರಲ್ಲಿ ಭಾರತದ ಯುದ್ಧೋತ್ಪಾದನೆಯನ್ನು ಹೆಚ್ಚಿಸುವ ಬಗೆಯನ್ನು ಪರಿಶೀಲಿಸಲು ಅಮೆರಿಕ ಕಳುಹಿಸಿದ ತಾಂತ್ರಿಕ ನಿಯೋಗದಲ್ಲಿ ಹೆರಿಂಗ್ಟನ್ನನೂ ಒಬ್ಬ ಸದಸ್ಯನು. ಆ ನಿಯೋಗದ ಸಲಹೆಗಳಲ್ಲಿ ಹೆಚ್ಚಿನವು ಕಾಗದದ ಮೇಲೆಯೇ ಉಳಿದುವು.

1936ರಲ್ಲಿ ಅವನು ಮಾರ್ಪಡಿಸಿದ ಅರ್ಧ ಟನ್ನಿನ ಫೋರ್ಡ್ ಟ್ರಕ್ಕನ್ನು ನೆನೆದು ಅವನನ್ನು ಜೀಪಿನ ಜನಕನೆನ್ನುವವರುಂಟು. ಇದು ಪೂರ್ತಿ ನ್ಯಾಯವಲ್ಲ. 1940ರಲ್ಲಿ ಮೊದಲ ಜೀಪನ್ನು ರೂಪಿಸಿದ್ದು ಬ್ಯಾಂಟಮ್ ಕಂಪನಿ ಮತ್ತು ಕಾರ್ಲ್ ಪ್ರೋಬ್‌ಸ್ಟ್. ಹೆರಿಂಗ್ಟನ್ ಹಿರಿಯ ಬಂಧುವೆನ್ನಬಹುದು. ಇನ್ನೊಬ್ಬರ ಶ್ರಮದ ಫಲವನ್ನು ಅವನ ತಲೆಗೆ ಕಟ್ಟಬೇಕಾಗಿಲ್ಲ.

1959ರಲ್ಲಿ ಫೋರ್ಡ್ ಕಂಪನಿಯೇ ತನ್ನ ಪಿಕಪ್ ಟ್ರಕ್ಕುಗಳನ್ನು ನಾಲ್ಕು ಚಕ್ರಗಳ ಚಾಲನೆಯೊಡನೆ ತಯಾರಿಸತೊಡಗಿತು. ಹೊರಗಿನವನು ಜೋಡಿಸಿಕೊಡುತ್ತಿದ್ದುದು ಕಾರ್ಖಾನೆಯೊಳಗಿನ ವಾಡಿಕೆಯಾಯಿತು. ಸುಧಾರಕನಿಗೆ ಇದಕ್ಕಿಂತ ದೊಡ್ಡ ಗೆಲುವಿಲ್ಲ. ವ್ಯಾಪಾರಿಗೆ ಇದಕ್ಕಿಂತ ದೊಡ್ಡ ನಷ್ಟವೂ ಇಲ್ಲ. 1970ರಲ್ಲಿ ಹೆರಿಂಗ್ಟನ್ ತೀರಿಕೊಂಡನು.

ಇಂದು ತಮ್ಮ ಎಸ್‌ಯುವಿಯನ್ನು ಕಾಡುಹಾದಿಗೆ ಇಳಿಸುವ ಆಸೆಯಿಂದ ನಾಲ್ಕು ಚಕ್ರಗಳ ಚಾಲನೆಗೆ ಬದಲಿಸಲು ಹೊರಡುವ ತರುಣರು ಅವನ ಹಾದಿಯನ್ನೇ ತುಳಿಯುತ್ತಾರೆ. ಎಳೆಯುವ ಬಲ ಹೆಚ್ಚಿದ ಮಾತ್ರಕ್ಕೆ ಬಂಡಿಯನ್ನು ನಿಲ್ಲಿಸುವ ಬಲ ಹೆಚ್ಚುವುದಿಲ್ಲವೆಂಬುದನ್ನು ಮಾತ್ರ ಅವರು ಮರೆಯದಿರಲಿ. ಮಿಕ್ಕಂತೆ, ಸುಮ್ಮನೆ ಉರುಳುವ ಚಕ್ರಕ್ಕೂ ದುಡಿಮೆಯ ಪಾಲು ಕೊಟ್ಟರೆ ಹೂತ ಬಂಡಿ ಮೇಲೇಳುವುದೆಂಬ ಪಾಠ, ಯಂತ್ರಕ್ಕೆ ಮಾತ್ರ ಸಲ್ಲುವುದೇನಲ್ಲ.