ಎರಡಾಣೆಯ ಅರ್ಥಶಾಸ್ತ್ರ

ರಾಜಾಜಿನಗರ, ವಿಜಯನಗರಗಳ ಅಂಗಡಿ ಬೀದಿಗಳಲ್ಲಿ ನಿತ್ಯ ಹಣ ಸಂಗ್ರಹಿಸುವ ಪಿಗ್ಮಿ ಏಜೆಂಟರು ಚಿರಪರಿಚಿತರು. ಆ ಪದ್ಧತಿಯ ಮೂಲಪುರುಷರು ಒಬ್ಬ ವೈದ್ಯರೆಂಬುದನ್ನು ಮಹಾನಗರ ಬಹುಮಟ್ಟಿಗೆ ಮರೆತಿದೆ.

1898ರಲ್ಲಿ ಜನಿಸಿದ ಡಾ. ಟಿ.ಎಂ.ಎ. ಪೈ ಮದರಾಸಿನಲ್ಲಿ ವೈದ್ಯಶಿಕ್ಷಣ ಪಡೆದವರು. ಕರಾವಳಿಯ ಕೈಮಗ್ಗ ಸೊರಗಿ ನೇಕಾರರು ಸಂಕಷ್ಟಕ್ಕೆ ಸಿಲುಕಿದ್ದ ಕಾಲವದು. 1925ರಲ್ಲಿ ಅಣ್ಣ ಉಪೇಂದ್ರ ಪೈ ಹಾಗೂ ವಾಮನ ಕುಡ್ವರೊಡಗೂಡಿ, ಕೇವಲ 8,000 ರೂಪಾಯಿ ಬಂಡವಾಳದಿಂದ ಉಡುಪಿಯಲ್ಲಿ ಬ್ಯಾಂಕೊಂದನ್ನು ಆರಂಭಿಸಿದರು. ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿದ್ದು ಅದೇ.

1928ರಲ್ಲಿ ಪಿಗ್ಮಿ ಠೇವಣಿ ಜಾರಿಗೆ ಬಂತು. ದಿನಕ್ಕೆ ಎರಡಾಣೆಯಂತೆ ಕೂಡಿಟ್ಟರೆ ವರ್ಷಕ್ಕೆ 45 ರೂಪಾಯಿ 10 ಆಣೆ. ಬ್ಯಾಂಕಿನ ಮೆಟ್ಟಿಲೇರಲು ಅಳುಕುತ್ತಿದ್ದವರ ಮನೆಬಾಗಿಲಿಗೆ ಬ್ಯಾಂಕೇ ಬಂತು. ಆಸ್ತಿಯಿಲ್ಲದವನಿಗೂ ತಪ್ಪದೆ ಕಟ್ಟಿದ ಕಂತುಗಳೇ ವಿಶ್ವಾಸಾರ್ಹತೆಯ ಸಾಕ್ಷಿಯಾಗಬಲ್ಲವು ಎಂಬುದು ಈ ಪದ್ಧತಿಯ ತಿರುಳು.

1953ರಲ್ಲಿ ಮಣಿಪಾಲದ ವೈದ್ಯಕೀಯ ಕಾಲೇಜನ್ನು ಕಟ್ಟಿದವರೂ ಅವರೇ. 1969ರಲ್ಲಿ ಬ್ಯಾಂಕು ರಾಷ್ಟ್ರೀಕರಣಗೊಂಡಿತು. 1979ರಲ್ಲಿ ಪೈ ನಿಧನರಾದರು. 2020ರಲ್ಲಿ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು.

ಇಂದು ಕೆಂಗೇರಿಗೆ ದುಡಿಯಲು ಬಂದ ಕುಟುಂಬಕ್ಕೆ ಉಳಿತಾಯದ ಅಭ್ಯಾಸಕ್ಕಿಂತ ಮೊದಲೇ ಮೊಬೈಲಿನಲ್ಲಿ ಸಾಲ ದೊರೆಯುತ್ತದೆ. ಕಿರುಸಾಲ ವಸೂಲಿಯ ಕಿರುಕುಳ ತಡೆಯಲು 2025ರಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ಕಾನೂನು ಸಾಲ ಕೊಡುವವನನ್ನು ಹದ್ದುಬಸ್ತಿನಲ್ಲಿ ಇಡಬಹುದು. ಸಾಲ ಪಡೆಯುವವನಿಗೆ ಬಡ್ಡಿಯ ಲೆಕ್ಕ ಕಲಿಸಲಾರದು. ಮೊದಲು ಉಳಿತಾಯ, ಆಮೇಲೆ ಸಾಲ ಎಂಬ ಎರಡಾಣೆಯ ಪಾಠವನ್ನು ಬ್ಯಾಂಕುಗಳೂ ಸಹಕಾರ ಸಂಘಗಳೂ ಮತ್ತೆ ಮನೆಬಾಗಿಲಿಗೆ ಒಯ್ಯಬೇಕಿದೆ.